ಸೆರೆಮನೆಯ ತುತ್ತು

ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆ ಇಬ್ಬರು ಎದುರಾದರೆ ಮೊದಲು ಬರುವ ಮಾತು ಊಟದ್ದು. 'ಊಟ ಆತೇನ್ರಿ?' ಎಂದು ಕೇಳಿದ ಮೇಲೆಯೇ ಮಳೆ, ಬೆಳೆ, ಕೋರ್ಟು, ಕಚೇರಿ, ಮಗಳ ಮದುವೆ ಎಲ್ಲವೂ. ನೀನು ಸುಖವಾಗಿರುವುದು ನನಗೆ ಮುಖ್ಯ ಎಂಬ ಭಾವವನ್ನು ನಮ್ಮ ಜನ ಇಷ್ಟು ಸರಳವಾಗಿ ಹೇಳಲು ಕಲಿತಿದ್ದಾರೆ. ಬಳ್ಳಾರಿಯ ಕೇಂದ್ರ ಕಾರಾಗೃಹದಲ್ಲಿ ಮಗನನ್ನು ನೋಡಲು ಹೋದ ತಾಯಿಯೂ ಕೇಳುವುದು ಇದನ್ನೇ. ವಕೀಲರು ಏನೆಂದರು, ಜಾಮೀನು ಯಾವಾಗ ಆದೀತು ಎಂಬುದೆಲ್ಲ ಆಮೇಲಿನ ಮಾತು. ಮೊದಲು, 'ಉಂಡ್ಯೇನಪ್ಪಾ? ಹೊಟ್ಟೆತುಂಬ ಕೊಡ್ತಾರೇನು?' ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು? ಕಂಬಿಯ ಹಿಂದೆ ನಿಂತ ಮಗನೊಬ್ಬನೇ ಏನು? ಅವನನ್ನು ಅಲ್ಲಿ ಇರಿಸಿರುವ ಸಮಾಜವೂ, ಎಂದರೆ ನಾವೂ, ಉತ್ತರಿಸಬೇಕಾದವರಲ್ಲವೆ?

ಸೆರೆಮನೆ ಮನುಷ್ಯನಿಂದ ಒಂದೊಂದನ್ನೇ ಕಳಚಿಕೊಳ್ಳುತ್ತದೆ. ಬಾಗಿಲು ತೆರೆಯುವ ಹಕ್ಕು, ಏಳುವ ಹೊತ್ತು, ಮಲಗುವ ಹೊತ್ತು, ಪಕ್ಕದಲ್ಲಿ ಯಾರಿರಬೇಕೆಂಬ ಆಯ್ಕೆ, ಶಿಕ್ಷೆಯಾದವನಿಗೆ ಸ್ವಂತ ಉಡುಪು ಕೂಡ ಗೇಟಿನ ಹೊರಗೇ ಉಳಿಯುತ್ತವೆ. ಆದರೆ ಹಸಿವನ್ನು ಗೇಟಿನಲ್ಲಿ ಒಪ್ಪಿಸಿ ಒಳಗೆ ಹೋಗಲು ಬರುವುದಿಲ್ಲ. ಅದು ಜತೆಗೇ ಬರುತ್ತದೆ, ದಿನವೂ ಏಳುತ್ತದೆ, ದಿನವೂ ಕೇಳುತ್ತದೆ. ಹೊರಗಿನ ಬಡವ ಹಸಿದರೆ ಕೂಲಿ ಹುಡುಕುತ್ತಾನೆ, ಕೈಗಡ ಕೇಳುತ್ತಾನೆ, ನೆರೆಯವರ ಬಾಗಿಲಿಗೆ ಹೋಗುತ್ತಾನೆ, ಗುಡಿಯ ಅನ್ನಸಂತರ್ಪಣೆಯ ಸಾಲಿನಲ್ಲಿ ಕೂರುತ್ತಾನೆ. ಬಂಧಿಗೆ ಇದರಲ್ಲಿ ಒಂದು ದಾರಿಯೂ ಇಲ್ಲ. ಅವನ ದಾರಿಗಳನ್ನೆಲ್ಲ ಮುಚ್ಚಿದವರ ಮೇಲೆಯೇ ಅವನ ಅನ್ನದ ಹೊಣೆ ಬೀಳುತ್ತದೆ. ಹೀಗೆ ನೋಡಿದರೆ ಜೈಲಿನ ಊಟವನ್ನು ನಾವು ದಾನವೆಂದು ಕರೆಯಲಾರೆವು, ಕೃಪೆಯೆಂದೂ ಕರೆಯಲಾರೆವು. ಅದು ಋಣ. ಒಬ್ಬನ ಸ್ವಾತಂತ್ರ್ಯವನ್ನು ಕೈಗೆ ತೆಗೆದುಕೊಂಡ ಕ್ಷಣದಲ್ಲೇ ಹೆಗಲೇರಿದ ಋಣ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ನಾವು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ಊರಿನಲ್ಲಿ ನಿಯತ್ತಾಗಿ ದುಡಿದು ಬದುಕುವವರೇ ಎಷ್ಟೋ ದಿನ ಅರೆಹೊಟ್ಟೆಯಲ್ಲಿ ಮಲಗುತ್ತಾರೆ. ಕಳವು, ಕೊಲೆ ಮಾಡಿದವರಿಗೆ ಹೊತ್ತುಹೊತ್ತಿಗೆ ಸರ್ಕಾರದ ಊಟವೇ? ನೊಂದ ಮನೆಯವರ ಬಾಯಿಂದ ಈ ಮಾತು ಬಂದಾಗ ಅದಕ್ಕೆ ಎದುರಾಡುವುದು ಸುಲಭವಲ್ಲ. ಆದರೂ ನಿಧಾನವಾಗಿ ಯೋಚಿಸೋಣ. ನ್ಯಾಯಾಧೀಶರು ಶಿಕ್ಷೆ ಬರೆಯುವಾಗ ಇಷ್ಟು ವರ್ಷ ಸೆರೆವಾಸ ಎಂದು ಬರೆಯುತ್ತಾರೆ. ಇಷ್ಟು ವರ್ಷ ಹಸಿವು ಎಂದು ಯಾವ ತೀರ್ಪಿನಲ್ಲಾದರೂ ಬರೆದದ್ದುಂಟೆ? ಬರೆಯದ ಶಿಕ್ಷೆಯನ್ನು ಅಡುಗೆಮನೆಯ ಮೂಲಕ ಕೊಡಲು ನಮಗೆ ಅಧಿಕಾರ ಕೊಟ್ಟವರು ಯಾರು? ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ ಸುಮಾರು 5.73 ಲಕ್ಷ ಜನರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಪರಾಧ ಇನ್ನೂ ಸಾಬೀತಾಗದವರು. ಮುಂದೆ ಅವರಲ್ಲಿ ಎಷ್ಟೋ ಮಂದಿ ನಿರ್ದೋಷಿಗಳೆಂದು ಹೊರಗೆ ಬರಬಹುದು. ಅವರು ಒಳಗೆ ಅನುಭವಿಸಿದ ಹಸಿವನ್ನು ಆಗ ಯಾವ ನ್ಯಾಯಾಲಯ ಹಿಂದಿರುಗಿಸೀತು? ಇನ್ನು ಹೊರಗಿನ ಬಡವನ ಹಸಿವಿನ ಮಾತು. ಬಂಧಿಯ ತಟ್ಟೆಯಿಂದ ಒಂದು ಹಿಡಿ ಕಿತ್ತರೆ ಅದು ಬಡವನ ತಟ್ಟೆಗೆ ಹೋಗಿ ಬೀಳುವುದಿಲ್ಲ. ಇಬ್ಬರ ಹಸಿವಿಗೂ ನಾವೇ ಉತ್ತರವಾದಿಗಳು. ಒಬ್ಬನ ಹಸಿವನ್ನು ತೋರಿಸಿ ಇನ್ನೊಬ್ಬನ ಹಸಿವನ್ನು ನ್ಯಾಯವೆಂದು ಸಾಧಿಸಲಾಗದು.

ಹಸಿವನ್ನೇ ದಂಡವಾಗಿ ಬಳಸಿದ ಕಾಲವೂ ಇತ್ತು. ಬ್ರಿಟಿಷರು 1894ರಲ್ಲಿ ಮಾಡಿದ ಕಾರಾಗೃಹ ಕಾಯ್ದೆಯಲ್ಲಿ, ಜೈಲಿನ ನಿಯಮ ಮೀರಿದವನಿಗೆ ಊಟ ಕಡಿತ ಮಾಡುವ ಶಿಕ್ಷೆಯೂ ಸೇರಿತ್ತು. ಒಮ್ಮೆಗೆ 96 ಗಂಟೆ ಮೀರಬಾರದು, ಮತ್ತೆ ವಿಧಿಸಬೇಕಾದರೆ ಒಂದು ವಾರ ಕಳೆದಿರಬೇಕು ಎಂದು ಅದಕ್ಕೊಂದು ಲೆಕ್ಕವನ್ನೂ ಕಾಯ್ದೆ ಇಟ್ಟಿತ್ತು. ಮನುಷ್ಯನನ್ನು ಎಷ್ಟು ಹೊತ್ತು ಹಸಿವಿನಲ್ಲಿಡಬಹುದು ಎಂದು ಗಂಟೆಗಳಲ್ಲಿ ಅಳೆದವರೂ ಸುಶಿಕ್ಷಿತರೇ, ಕಾನೂನು ಬಲ್ಲವರೇ. ನೂರಿಪ್ಪತ್ತು ವರ್ಷಗಳ ಬಳಿಕ, 2015ರಲ್ಲಿ, ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಇದಕ್ಕೆ ನೇರ ಎದುರು ನಿಂತವು. ಆರೋಗ್ಯಕ್ಕೂ ಶಕ್ತಿಗೂ ಸಾಲುವ, ಚೆನ್ನಾಗಿ ಬೇಯಿಸಿದ ಊಟ ಹೊತ್ತಿಗೆ ಸರಿಯಾಗಿ ಸಿಗಬೇಕು, ಬೇಕೆಂದಾಗ ಕುಡಿಯುವ ನೀರಿರಬೇಕು, ಅನ್ನವನ್ನಾಗಲಿ ನೀರನ್ನಾಗಲಿ ಕಡಿಮೆ ಮಾಡಿ ಶಿಕ್ಷಿಸಕೂಡದು ಎಂಬುದು ಅವುಗಳ ಸಾರ. ಆ ಹೆಸರಿನ ಹಿಂದೆಯೂ ಒಂದು ತಟ್ಟೆಯ ಕಥೆಯಿದೆ. ಮಂಡೇಲಾ ಇದ್ದ ರಾಬೆನ್ ದ್ವೀಪದ ಜೈಲಿನಲ್ಲಿ ಊಟವನ್ನು ಮೈಬಣ್ಣದ ಪ್ರಕಾರ ಹಂಚುತ್ತಿದ್ದರು. ಭಾರತೀಯ ಮೂಲದವರಿಗೆ, ಮಿಶ್ರ ವರ್ಣದವರಿಗೆ ಸಿಗುತ್ತಿದ್ದ ಬ್ರೆಡ್ ಆಫ್ರಿಕನ್ನರಿಗೆ ಇರಲಿಲ್ಲ. ಒಂದೇ ಗೋಡೆಯ ಒಳಗೆ, ಒಂದೇ ಹೋರಾಟಕ್ಕಾಗಿ ಬಂದವರಿಗೆ ಬೇರೆಬೇರೆ ತುತ್ತು! ಮನುಷ್ಯರನ್ನು ಒಡೆಯಬೇಕೆಂದವರು ಮೊದಲು ಕೈಹಾಕುವುದು ತಟ್ಟೆಗೇ ಎಂಬುದು ಇದರಿಂದ ತಿಳಿಯುವುದಿಲ್ಲವೆ?

ಒಳಗಿರುವವನಿಗೆ ಅನ್ನವೆಂದರೆ ಏನು ಎಂಬುದು ಇನ್ನೂ ಆಳದ ವಿಚಾರ. ಮೊದಲನೆಯದಾಗಿ ಅದು ಅವನ ಕಾಲಮಾನ. ನಮಗೆ ದಿನವೆಂದರೆ ಹೊಲ, ಗಣಿ, ಬಸ್ಸು, ಶಾಲೆ, ಸಂತೆ. ಅವನಿಗೆ ದಿನವೆಂದರೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಊಟ. 2016ರ ಮಾದರಿ ಕಾರಾಗೃಹ ಕೈಪಿಡಿಯೂ ದಿನವನ್ನು ಹೀಗೆಯೇ ಮೂರಾಗಿ ವಿಭಜಿಸುತ್ತದೆ. ಕೊನೆಯ ಊಟ ರಾತ್ರಿಯ ಬೀಗ ಬೀಳುವುದಕ್ಕೆ ಮೊದಲು. ಈ ಒಂದು ಸಣ್ಣ ವ್ಯವಸ್ಥೆಯಲ್ಲಿ ಎಷ್ಟು ದೊಡ್ಡ ನಷ್ಟ ಅಡಗಿದೆ! ನಮ್ಮ ಹಳ್ಳಿಗಳಲ್ಲಿ ರಾತ್ರಿಯ ಊಟ ದಿನದ ಬಾಗಿಲು ತೆರೆಯುವ ಹೊತ್ತು. ದುಡಿದು ಬಂದವರು ಕಾಲು ತೊಳೆದು ಕೂತು ಉಂಡ ಮೇಲೆಯೇ ಮನೆಯ ನಿಜವಾದ ಮಾತುಕತೆ ಶುರುವಾಗುತ್ತದೆ. ಮಕ್ಕಳ ಜಗಳ ತೀರುವುದು, ಹಿರಿಯರ ಕಥೆ ಮುಂದುವರಿಯುವುದು, ಗಂಡಹೆಂಡಿರ ಸಾಲದ ಲೆಕ್ಕ ಬಿಚ್ಚಿಕೊಳ್ಳುವುದು ಎಲ್ಲವೂ ಆ ಊಟದ ನಂತರ. ಜೈಲಿನಲ್ಲಿ ಹೊತ್ತಿರುವಾಗಲೇ ಉಂಡು ಮುಗಿಸಿದ ಮೇಲೆ ಬೀಗ ಬೀಳುತ್ತದೆ. ಮುಂದಿನ ದೀರ್ಘ ರಾತ್ರಿಯನ್ನು ಬಂಧಿ ತನ್ನ ನೆನಪುಗಳ ಜತೆ ಕಳೆಯಬೇಕು. ಹೊಟ್ಟೆ ತುಂಬಿದ್ದರೂ ಆ ರಾತ್ರಿ ತುಂಬೀತೆ?

ಎರಡನೆಯದಾಗಿ, ಅನ್ನ ಅವನಿಗೆ ಮನೆ. ನಮ್ಮ ಭಾಗದ ಜಿಹ್ವೆಗೆ ಅದರದೇ ಆದ ನೆನಪಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಜತೆಗೊಂದು ಹಸಿ ಉಳ್ಳಾಗಡ್ಡಿ. ತುಂಗಭದ್ರೆಯ ಕಾಲುವೆ ನೀರುಂಡ ಕಂಪ್ಲಿ ಬಯಲಿನ ಬಿಸಿ ಅನ್ನ. ಜೈಲಿನಲ್ಲಿಯೂ ಅನ್ನವಿದೆ, ಸಾರಿದೆ, ಚಪಾತಿಯಿದೆ, ಮುದ್ದೆಯಿದೆ. ಅಳತೆಯಿದೆ, ಪೌಷ್ಟಿಕತೆಯ ಲೆಕ್ಕವೂ ಇದೆ. ಇಲ್ಲದಿರುವುದು ತನಗಾಗಿಯೇ ಬಡಿಸಿದ ಒಂದು ಕೈ. ನೂರಾರು ಜನರಿಗೆ ಒಟ್ಟಿಗೆ ಬೇಯುವ ಅಡುಗೆಯಲ್ಲಿ ಯಾರೊಬ್ಬರ ಮುಖವೂ ನೆನಪಾಗಿರುವುದಿಲ್ಲ. ಇವನಿಗೆ ಖಾರ ಆಗದು, ಇವನು ಮೊಸರಿಲ್ಲದೆ ಏಳುವವನಲ್ಲ ಎಂದು ತಿಳಿದಿರುವ ಹೃದಯ ಅಲ್ಲಿಲ್ಲ. ರುಚಿ ಎಂದು ನಾವು ಕರೆಯುವುದರಲ್ಲಿ ಉಪ್ಪುಹುಳಿಯ ಪಾಲೆಷ್ಟು, ಮಮತೆಯ ಪಾಲೆಷ್ಟು ಎಂಬುದು ದೂರವಾದ ಮೇಲೆಯೇ ಮನುಷ್ಯನಿಗೆ ಅರಿವಾಗುತ್ತದೆ. ಹೊರಗಿದ್ದಾಗ ಹೆಂಡತಿಯ ಅಡುಗೆಯನ್ನು ಜರೆಯುತ್ತಿದ್ದವನು ಒಳಗೆ ಕೂತು ಅದೇ ರೊಟ್ಟಿಯ ಅಂಚಿನ ಸುಟ್ಟ ಕಲೆಯನ್ನೂ ಕಣ್ಣಿಗೆ ತಂದುಕೊಂಡಾನು. ಪಶ್ಚಾತ್ತಾಪವು ಉಪದೇಶದಿಂದ ಹುಟ್ಟುವುದಕ್ಕಿಂತ ಇಂಥ ನೆನಪಿನಿಂದ ಹುಟ್ಟುವುದೇ ಹೆಚ್ಚಲ್ಲವೆ?

ಹೆಣ್ಣುಮಕ್ಕಳ ಬ್ಯಾರಕ್ಕಿನಲ್ಲಿ ಈ ಸಂಗತಿ ಇನ್ನೂ ತೀಕ್ಷ್ಣವಾಗುತ್ತದೆ. ಬದುಕಿಡೀ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು ಈಗ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಅನ್ನ ಮುಂದಿದ್ದರೂ ಅವಳ ಮನಸ್ಸು ಮನೆಯ ಒಲೆಯ ಮುಂದೆ. ಮಕ್ಕಳು ಉಂಡವೋ, ಮುದುಕಿ ಅತ್ತೆಗೆ ಯಾರು ಹಾಕಿದರೋ? ಅವಳ ಮೊದಲ ತುತ್ತು ಈ ಪ್ರಶ್ನೆಗಳನ್ನು ದಾಟಿ ಗಂಟಲಿಗಿಳಿಯಬೇಕು. ಆರು ವರ್ಷದ ಒಳಗಿನ ಮಕ್ಕಳನ್ನು ತಾಯಿಯ ಜತೆ ಜೈಲಿನಲ್ಲಿ ಇರಿಸಿಕೊಳ್ಳಲು ಅವಕಾಶವಿದೆ. ಅಂಥ ಮಕ್ಕಳ ಆಹಾರ, ಆರೋಗ್ಯ, ಆಟಪಾಠಗಳ ಬಗ್ಗೆ ಸುಪ್ರೀಂ ಕೋರ್ಟ್ 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ವಿವರವಾದ ನಿರ್ದೇಶನಗಳನ್ನೇ ಕೊಟ್ಟಿತು. ಯಾವ ತಪ್ಪನ್ನೂ ಮಾಡದ ಕಂದ ಜಗತ್ತಿನ ರುಚಿಯನ್ನು ಮೊದಲು ಅರಿಯುವುದು ಜೈಲಿನ ಅನ್ನದಲ್ಲಿ. ಆ ಅನ್ನ ಹೇಗಿರಬೇಕು ಎಂದು ಕೇಳಿದರೆ ನಮ್ಮಲ್ಲಿ ಯಾರೂ ಹಿಂಜರಿಯದೆ, ನಮ್ಮ ಮೊಮ್ಮಕ್ಕಳು ಉಣ್ಣುವಂಥದ್ದಾಗಿರಬೇಕು ಎನ್ನುತ್ತೇವೆ. ಆ ಮಗುವಿಗೆ ಸಲ್ಲುವ ಮಾತು ಅದನ್ನು ಹೆತ್ತವಳಿಗೆ ಮಾತ್ರ ಸಲ್ಲದೆ ಹೋಗುವುದು ಯಾವ ಧರ್ಮ?

ಮನೆಯ ಊಟದ ವಿಷಯದಲ್ಲಿ ಕಾನೂನು ಒಂದು ಕಿಟಕಿಯನ್ನು ತೆರೆದಿಟ್ಟಿದೆ. ವಿಚಾರಣಾಧೀನ ಬಂಧಿ ಹೊರಗಿನಿಂದ ಊಟ ತರಿಸಿಕೊಳ್ಳಲು 1894ರ ಕಾಯ್ದೆಯೂ ಅವಕಾಶ ಕೊಟ್ಟಿತ್ತು, ಕರ್ನಾಟಕದ 1963ರ ಕಾಯ್ದೆಯೂ ಕೊಡುತ್ತದೆ. ಅದು ಜೈಲಿನ ನಿಯಮಗಳಿಗೆ, ಪರಿಶೀಲನೆಗೆ ಒಳಪಟ್ಟದ್ದು. 2024ರಲ್ಲಿ ನಟ ದರ್ಶನ್ ಒಂದು ಪ್ರಕರಣದಲ್ಲಿ ವಿಚಾರಣಾಧೀನರಾಗಿ ಬೆಂಗಳೂರಿನ ಜೈಲಿನಲ್ಲಿದ್ದಾಗ ಮನೆಯೂಟ ಕೋರಿ ನ್ಯಾಯಾಲಯದ ಮೊರೆಹೋದರು. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಅವರನ್ನು ಬಳ್ಳಾರಿಗೆ ಕರೆತಂದಾಗ ನಮ್ಮ ಜಿಲ್ಲೆಗಳ ಚಹಾದಂಗಡಿಗಳಲ್ಲೆಲ್ಲ ಜೈಲಿನ ಊಟದ್ದೇ ಚರ್ಚೆ. ಆ ಪ್ರಕರಣದ ಸರಿತಪ್ಪು ನ್ಯಾಯಾಲಯದ ವಿಷಯ, ನಮ್ಮದಲ್ಲ. ಆದರೆ ಆ ಚರ್ಚೆ ನಮ್ಮ ಮುಂದಿಟ್ಟ ಪ್ರಶ್ನೆ ದೊಡ್ಡದು. ಹೆಸರಾದವರ ತಟ್ಟೆಯಲ್ಲಿ ಏನಿದೆ ಎಂದು ಇಣುಕಿ ನೋಡಿದ ನಾವು, ಅದೇ ಸಾಲಿನಲ್ಲಿ ಕೂತ ಹೆಸರಿಲ್ಲದವರ ತಟ್ಟೆಯನ್ನು ಎಂದಾದರೂ ನೋಡಿದೆವೆ? ಸಂಡೂರಿನ ಗಣಿಯ ಕೂಲಿಯವನೊಬ್ಬ ವಿಚಾರಣಾಧೀನನಾಗಿ ಬಳ್ಳಾರಿ ಸೇರಿದರೆ ಅವನಿಗೂ ಕಾನೂನು ಅದೇ ಹಕ್ಕನ್ನು ಕೊಡುತ್ತದೆ. ಆದರೆ ದಿನದ ಕೂಲಿ ಬಿಟ್ಟು, ಬಸ್ಸಿನ ಚಾರ್ಜು ಹೊಂದಿಸಿ, ಬುತ್ತಿ ಕಟ್ಟಿಕೊಂಡು ಹೋಗಲು ಅವನ ಹೆಂಡತಿಗೆ ಸಾಧ್ಯವೆ? ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿಲೋಮೀಟರ್. ಬಡವರ ಪಾಲಿಗೆ ಅದು ಒಂದು ದಿನದ ಅನ್ನದಷ್ಟು ದೂರ. ಉಳ್ಳವನ ಹಕ್ಕು ಕ್ಯಾರಿಯರಿನಲ್ಲಿ ಬರುತ್ತದೆ, ಇಲ್ಲದವನ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಹಾಗಾಗಿ ಎಲ್ಲರಿಗೂ ಸಿಗುವ ಸಾಮಾನ್ಯ ಊಟ ಚೆನ್ನಾಗಿರುವುದೇ ಬಡವನಿಗೆ ಸಿಗಬಹುದಾದ ನಿಜವಾದ ನ್ಯಾಯ.

1894ರ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಹೊರಗಿನಿಂದ ಊಟ ಪಡೆದವನು ಅದರಲ್ಲಿ ಒಂದಿಷ್ಟನ್ನೂ ಬೇರೆ ಬಂಧಿಗೆ ಕೊಡಬಾರದು, ಮಾರಬಾರದು. ಕೊಟ್ಟರೆ ಆ ಅನುಕೂಲವೇ ಕೆಲಕಾಲ ತಪ್ಪುತ್ತದೆ. ಇದರ ಹಿಂದಿನ ಕಾರಣ ನಮಗೆ ಅರ್ಥವಾಗದ್ದಲ್ಲ. ಒಳಗೆ ಅನ್ನವೂ ಒಂದು ಅಧಿಕಾರವಾಗಬಹುದು. ಒಂದು ಲಾಡು ಕೊಟ್ಟು ಒಬ್ಬನನ್ನು ಆಳಾಗಿ ಮಾಡಿಕೊಳ್ಳಬಹುದು. ದುರ್ಬಲನ ಪಾಲನ್ನು ಬಲಿಷ್ಠ ಕಿತ್ತುಕೊಳ್ಳಬಹುದು. ಆದರೂ ಯೋಚಿಸಿ: ಹಂಚಿ ಉಣ್ಣುವುದನ್ನು ಬಾಲ್ಯದಿಂದ ಪುಣ್ಯವೆಂದು ಕಲಿಸಿದ ನಾಡಿನಲ್ಲಿ, ಹಂಚಿದ್ದೇ ಅಪರಾಧವಾಗುವ ಒಂದು ಜಾಗವಿದೆ. ತಾಯಿ ಕಳಿಸಿದ ಹೋಳಿಗೆಯನ್ನು ಪಕ್ಕದವನ ಕಣ್ಣೆದುರೇ ಒಬ್ಬನೇ ತಿನ್ನಬೇಕಾದವನ ಸಂಕಟ ಎಂಥದ್ದು! ಕಟ್ಟಳೆಗೂ ಮನುಷ್ಯತ್ವಕ್ಕೂ ಇಂಥ ಇಕ್ಕಟ್ಟು ಬಂದಾಗ, ಕಟ್ಟಳೆಯನ್ನು ಮಾಡಿದವರ ಹೊಣೆ ಇನ್ನೂ ಹೆಚ್ಚುತ್ತದೆ. ಹಂಚಿಕೊಳ್ಳುವ ಅಗತ್ಯವೇ ಬೀಳದಷ್ಟು ಅನ್ನವನ್ನು ಎಲ್ಲರಿಗೂ ಕೊಡುವುದು ಆಗ ಅವರ ಕರ್ತವ್ಯವಾಗುತ್ತದೆ.

ತಟ್ಟೆ ಮನುಷ್ಯರನ್ನು ಸೇರಿಸಲೂ ಬಲ್ಲದು, ಅಗಲಿಸಲೂ ಬಲ್ಲದು. ಹಂಪಿಯಲ್ಲಿ ಅರಮನೆಯ ಆವರಣದ ಸಮೀಪ ನೀರಿನ ಕಾಲುವೆಯ ಎರಡು ಬದಿಗೂ ಕಲ್ಲಿನ ತಟ್ಟೆಗಳ ಸಾಲಿದೆ. ಅನ್ನಕ್ಕೆ ಒಂದು ಅಗಲವಾದ ಗುಳಿ, ಪಲ್ಯ ಸಾರುಗಳಿಗೆ ಸುತ್ತ ಚಿಕ್ಕಚಿಕ್ಕ ಬಟ್ಟಲಿನಂಥ ಗುಳಿಗಳು. ಅಲ್ಲಿ ನಿಂತಾಗ ನಮಗೆ ಕಾಣುವುದು ಸಾಮ್ರಾಜ್ಯದ ವೈಭವಕ್ಕಿಂತ ಹೆಚ್ಚಾಗಿ ಸಾಲಾಗಿ ಕೂತು ಉಂಡವರ ಒಂದು ಮೌನ ಕೂಟ. ಆದರೆ ಸಾಲಾಗಿ ಕೂತವರೆಲ್ಲ ಸಮಾನರಾಗಿಯೇ ಕೂತರು ಎಂದು ನಮ್ಮ ಚರಿತ್ರೆ ಹೇಳಲು ಬಿಡುವುದಿಲ್ಲ. ಪಂಕ್ತಿಭೇದ ನಮ್ಮ ಹಳೆಯ ವ್ಯಾಧಿ. ಅದು ಜೈಲಿನ ಗೋಡೆಯನ್ನೂ ಹತ್ತಿ ಒಳಗಿಳಿಯಿತು. ಕಂಪನಿ ಸರ್ಕಾರದ ಕಾಲದಲ್ಲಿ ಬಂಧಿಗಳು ಸಿಕ್ಕ ಭತ್ಯೆಯಲ್ಲಿ ದಿನಸಿ ತಂದು ತಮ್ಮ ಅಡುಗೆ ತಾವೇ ಮಾಡಿಕೊಳ್ಳುವ ಪದ್ಧತಿ ಹಲವು ಕಡೆ ಇತ್ತು. 1840ರ ದಶಕದಲ್ಲಿ ಬಿಹಾರದ ಜೈಲುಗಳಲ್ಲಿ ಎಲ್ಲರಿಗೂ ಒಂದೇ ಅಡುಗೆ ಮಾಡಲು ಹೊರಟಾಗ ಗಲಭೆಗಳೇ ಎದ್ದವು. ಜಾತಿ ಕೆಡುತ್ತದೆಂಬ ಭಯ ಹಸಿವಿಗಿಂತ ದೊಡ್ಡದಾಗಿತ್ತು. ಆಳುವವರು ಅದರಿಂದ ಕಲಿತ ಪಾಠ, ಜಾತಿಯ ಜತೆ ರಾಜಿಯಾಗುವುದು. ಅಡುಗೆಗೆ ಇಂಥ ಜಾತಿಯವರು, ಕಸ ಗುಡಿಸಲು, ಕಕ್ಕಸು ತೊಳೆಯಲು ಇಂಥ ಜಾತಿಯವರು ಎಂಬ ವಿಂಗಡಣೆ ಜೈಲು ಕೈಪಿಡಿಗಳಲ್ಲಿ ಸೇರಿಕೊಂಡಿತು, ಸ್ವಾತಂತ್ರ್ಯ ಬಂದ ಮೇಲೂ ಹಲವು ರಾಜ್ಯಗಳಲ್ಲಿ ಉಳಿಯಿತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ದಾಸೋಹದ ಮಾತಾಡಿದ ನಾಡಿಗೆ, ಪಂಕ್ತಿಭೇದವನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಮುರಿದ ನಾಡಿಗೆ, ಈ ತೀರ್ಪಿನ ಅರ್ಥ ಬೇರೆಯವರು ವಿವರಿಸಬೇಕಾಗಿಲ್ಲ. ಯಾರು ಬೇಯಿಸಿದರು ಎಂದು ಕೇಳದೆ ಉಣ್ಣಲು ಕಲಿತವನು, ಅವನು ಜೈಲಿನಲ್ಲೇ ಇರಲಿ, ಒಂದು ಬಂಧನದಿಂದ ಬಿಡುಗಡೆ ಹೊಂದಿದವನೇ.

ಸ್ವಾತಂತ್ರ್ಯ ಹೋರಾಟದ ನೆನಪೂ ಇಲ್ಲಿ ಬರಬೇಕು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಲ್ಲಿನ ಅಲ್ಲೀಪುರ ಜೈಲಿಗೆ ದೂರದೂರದ ಸತ್ಯಾಗ್ರಹಿಗಳನ್ನು ತಂದು ತುಂಬಿದರು. 1930ರಲ್ಲಿ ವೇದಾರಣ್ಯದ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಸಿಕ್ಕ ಕೆ. ಕಾಮರಾಜ್ ಶಿಕ್ಷೆ ಅನುಭವಿಸಿದ್ದು ಅಲ್ಲೀಪುರದಲ್ಲಿ. ಊಟದ ಅತಿ ಸಣ್ಣ ಪದಾರ್ಥವಾದ ಉಪ್ಪಿಗಾಗಿ ಜೈಲಿಗೆ ಬಂದವರು ಜೈಲಿನ ಊಟ ಉಂಡರು. ಅದೇ ಕಾಮರಾಜ್ ಮುಂದೆ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿ ಬಡಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿಸಿದರು. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ನಾವು ಗಂಟುಹಾಕಬೇಕಿಲ್ಲ. ಆದರೆ ಸರ್ಕಾರದ ತಟ್ಟೆಯ ಮುಂದೆ ಕೈಯೊಡ್ಡಿ ನಿಂತವನಿಗೆ ಹಸಿದವರ ಘನತೆ ಎಷ್ಟು ನಾಜೂಕಾದದ್ದು ಎಂಬುದು ತಿಳಿಯದೆ ಇದ್ದೀತೆ?

ಅದೇ ಕಾಲದಲ್ಲಿ ಅನ್ನದ ಇನ್ನೊಂದು ಮುಖವನ್ನೂ ದೇಶ ಕಂಡಿತು. ರಾಜಕೀಯ ಬಂಧಿಗಳಿಗೆ ಘನತೆಯ ಊಟ, ಘನತೆಯ ನಡವಳಿಕೆ ಬೇಕೆಂದು ಲಾಹೋರಿನ ಜೈಲಿನಲ್ಲಿ ಭಗತ್ ಸಿಂಗ್ ಮತ್ತು ಸಂಗಾತಿಗಳು ಉಪವಾಸ ಹೂಡಿದರು. ಜತೀಂದ್ರನಾಥ ದಾಸ್ 63 ದಿನ ಅನ್ನ ಬಿಟ್ಟು 1929ರ ಸೆಪ್ಟೆಂಬರ್ 13ರಂದು ಪ್ರಾಣ ಬಿಟ್ಟರು. ಎಲ್ಲವನ್ನೂ ಕಿತ್ತುಕೊಂಡ ಮೇಲೂ ಬಂಧಿಯ ಬಳಿ ಒಂದು ಸ್ವಾತಂತ್ರ್ಯ ಉಳಿದಿರುತ್ತದೆ. ಬಾಯಿ ತೆರೆಯದಿರುವ ಸ್ವಾತಂತ್ರ್ಯ. ಅನ್ನವನ್ನು ಬೇಡವೆನ್ನುವುದರಲ್ಲಿ ಅವನು, ನಾನಿನ್ನೂ ನನ್ನವನೇ ಎಂದು ಸಾರುತ್ತಾನೆ. ಆಮೇಲೆ 1930ರಲ್ಲಿ ಸರ್ಕಾರ ಬಂಧಿಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿತು. ಓದು, ಅಂತಸ್ತು, ಬದುಕಿನ ರೀತಿ ನೋಡಿ ಕೆಲವರಿಗೆ ಒಳ್ಳೆಯ ಊಟ. ಉಳಿದ ಬಡ ಸತ್ಯಾಗ್ರಹಿಗಳಿಗೆ ಸಾಮಾನ್ಯ ಕೈದಿಯ ಊಟ. ಸಮಾನತೆ ಕೇಳಿದವರಿಗೆ ಸಿಕ್ಕಿದ್ದು ಹೊಸ ಶ್ರೇಣಿ. ತಟ್ಟೆಯಲ್ಲಿ ಶ್ರೇಣಿ ಹುಟ್ಟಿಸುವುದು ಆಳುವವರಿಗೆ ಎಷ್ಟು ಸುಲಭವೋ, ಆ ಶ್ರೇಣಿಯನ್ನು ಒಪ್ಪಿಕೊಳ್ಳುವುದು ನಮಗೂ ಅಷ್ಟೇ ಸುಲಭವಾಗಿಬಿಟ್ಟಿದೆಯಲ್ಲವೆ?

ಅನ್ನವನ್ನು ವ್ರತವಾಗಿಸಿಕೊಂಡವರೂ ಉಂಟು. ಗಾಂಧೀಜಿ 1908ರಲ್ಲಿ ದಕ್ಷಿಣ ಆಫ್ರಿಕಾದ ಜೈಲು ಸೇರಿದಾಗ, ಸೂರ್ಯಾಸ್ತದೊಳಗೆ ಊಟ ಮುಗಿಸಬೇಕು, ಚಹಾ ಕಾಫಿ ಇಲ್ಲ, ನಾಲಗೆಯ ಚಪಲಕ್ಕೆ ಮಸಾಲೆ ಇಲ್ಲ ಎಂಬ ಕಟ್ಟಳೆಗಳಿದ್ದವು. ಸಂಯಮಿಯಾದವನು ಇವನ್ನು ತಾನಾಗಿಯೇ ಪಾಲಿಸಬೇಕು ಎಂದು ಅವರು ಕಂಡುಕೊಂಡರು. ಹೊರಬಂದ ಮೇಲೂ ಅವನ್ನು ವ್ರತವಾಗಿ ಹಿಡಿದರು. ನಮ್ಮ ಹಂಪಿಯಲ್ಲಿಯೂ ಸಿರಿವಂತಿಕೆಯನ್ನು ತೊರೆದು ಮನೆಮನೆಯ ಭಿಕ್ಷೆಯನ್ನು ಒಪ್ಪಿಕೊಂಡ ಪುರಂದರದಾಸರ ನೆನಪು ತುಂಗಭದ್ರೆಯ ದಡದ ಮಂಟಪದಲ್ಲಿ ಇಂದಿಗೂ ಉಳಿದಿದೆ. ಆರಿಸಿಕೊಂಡ ಅಲ್ಪಾಹಾರ ಮನುಷ್ಯನನ್ನು ಎತ್ತರಕ್ಕೆ ಒಯ್ಯುತ್ತದೆ, ನಿಜ. ಆದರೆ ಈ ಮಹನೀಯರನ್ನು ತೋರಿಸಿ, ಬಂಧಿಗೆ ಸಪ್ಪೆ ಊಟವೇ ಲೇಸು ಎನ್ನಲು ನಮಗೆ ಅಧಿಕಾರವಿಲ್ಲ. ಆಯ್ಕೆ ಇರುವಲ್ಲಿ ಮಾತ್ರ ತಪಸ್ಸು ಇರುತ್ತದೆ. ಹೇರಿದ ಹಸಿವು ಯಾರನ್ನೂ ಋಷಿಯನ್ನಾಗಿ ಮಾಡಿಲ್ಲ. ಹೆಚ್ಚೆಂದರೆ ಕಠೋರನನ್ನಾಗಿ ಮಾಡಿದೆ, ಇಲ್ಲವೆ ಮುರಿದುಹಾಕಿದೆ.

ಹಾಗಾದರೆ ಜೈಲಿನಲ್ಲಿ ಅನ್ನ ಮನುಷ್ಯನನ್ನು ತಿದ್ದುವ ದಾರಿ ಯಾವುದು? ಉತ್ತರ ಅಲ್ಲಿನ ಅಡುಗೆಮನೆಯಲ್ಲೇ ಇದೆ ಎನಿಸುತ್ತದೆ. ಅಲ್ಲಿ ಬೇಯಿಸುವವರು ಬಹುಮಟ್ಟಿಗೆ ಬಂಧಿಗಳೇ. ಬೆಂಕಿ ಅವರ ಕೈಯಲ್ಲಿದೆ, ತರಕಾರಿ ಹೆಚ್ಚುವ ಕತ್ತಿ ಅವರ ಕೈಯಲ್ಲಿದೆ. ಯಾವ ಕೈ ಇನ್ನೊಬ್ಬರ ಮೇಲೆ ಏರಿತ್ತೋ ಅದೇ ಕೈ ಈಗ ನೂರಾರು ಜನರ ಅನ್ನ ಬಸಿಯುತ್ತದೆ. ಅದಕ್ಕಿಂತ ದೊಡ್ಡ ನಂಬಿಕೆಯನ್ನು ಒಬ್ಬ ಅಪರಾಧಿಯ ಮೇಲೆ ಇಡುವುದು ಹೇಗೆ? ಸಾರು ಸೀದುಹೋದರೆ ಎಷ್ಟು ಮಂದಿ ಅರೆಹೊಟ್ಟೆ ಏಳುತ್ತಾರೆಂಬ ಎಚ್ಚರ, ಅಕ್ಕಿಯಲ್ಲಿ ಕಲ್ಲುಳಿದರೆ ಯಾರದೋ ಹಲ್ಲು ನೋಯುತ್ತದೆಂಬ ಕಾಳಜಿ, ಕೊನೆಯ ಸಾಲಿನವನಿಗೂ ಸಾಲಬೇಕೆಂಬ ಲೆಕ್ಕ, ಇವೆಲ್ಲ ನೀತಿಪಾಠದ ಪುಸ್ತಕದಲ್ಲಿ ಸಿಗುವಂಥವಲ್ಲ. ಇನ್ನೊಬ್ಬರ ಹಸಿವಿಗೆ ತಾನು ಹೊಣೆಯೆಂದು ತಿಳಿದ ದಿನ ಮನುಷ್ಯನಲ್ಲಿ ಏನೋ ಒಂದು ನೆಟ್ಟಗಾಗುತ್ತದೆ. ಆ ಹೊಣೆಯನ್ನು ಜಾತಿ ನೋಡಿ ಕೊಡದೆ, ಕೂಲಿ ತಪ್ಪಿಸದೆ, ಹೊರಬಂದ ಮೇಲೆ ಬದುಕಿಗೆ ಆಧಾರವಾಗುವ ಕಸುಬಾಗಿ ಕಲಿಸಿದರೆ ಅದಕ್ಕಿಂತ ಸಾರ್ಥಕವಾದ ಶಿಕ್ಷೆ ಇನ್ನೊಂದಿಲ್ಲ.

ನಮ್ಮ ನೆಲದ ಚರಿತ್ರೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. 1327ರಲ್ಲಿ ಕಂಪಿಲಿ ರಾಜ್ಯ ದೆಹಲಿಯ ಸೈನ್ಯಕ್ಕೆ ಸೋತು ಬಿದ್ದಾಗ ಸೆರೆಸಿಕ್ಕು ದೆಹಲಿಗೆ ಹೋದವರಲ್ಲಿ ಹಕ್ಕ ಬುಕ್ಕರೂ ಇದ್ದರೆಂದು ಪರಂಪರೆಯ ಕಥನ ಹೇಳುತ್ತದೆ. ಹಾಗಿದ್ದರೆ ವಿಜಯನಗರವನ್ನು ಕಟ್ಟಿದವರೂ ಒಂದು ಕಾಲಕ್ಕೆ ಶತ್ರುವಿನ ಸೆರೆಯಲ್ಲಿ ಉಂಡವರೇ. ಅವರ ಕಥೆ ಬಂಧನದಲ್ಲಿ ಮುಗಿದಿದ್ದರೆ ಹಂಪಿ ಎಲ್ಲಿರುತ್ತಿತ್ತು? ಯುದ್ಧದ ಬಂಧಿಗೂ ಅಪರಾಧದ ಬಂಧಿಗೂ ಅಂತರವಿದೆ, ಒಪ್ಪೋಣ. ಆದರೆ ಯಾವ ಮನುಷ್ಯನ ಕಥೆಯೂ ಸೆರೆಯಲ್ಲಿ ಮುಗಿಯಲೇಬೇಕಿಲ್ಲ ಎಂಬ ಮಾತು ಇಬ್ಬರಿಗೂ ಸಲ್ಲುತ್ತದೆ. ಮುಂದಿನ ಅಧ್ಯಾಯ ಬರೆಯುವಷ್ಟು ಮೈಯಲ್ಲಿ ಶಕ್ತಿ, ಮನಸ್ಸಿನಲ್ಲಿ ಮರ್ಯಾದೆ ಉಳಿದಿರಬೇಕಾದರೆ ದಿನದ ಅನ್ನ ಹದವಾಗಿರಬೇಕು.

ಹೀಗಾಗಿ ಈ ವಿಚಾರ ಜೈಲಿನ ಗೇಟಿಗೆ ನಿಲ್ಲುವುದಿಲ್ಲ. ಶಿಕ್ಷೆ ಮುಗಿಸಿದವನು, ಬಿಡುಗಡೆಯಾದವನು ಒಂದು ದಿನ ಬಳ್ಳಾರಿಯಿಂದ ಬಸ್ಸು ಹತ್ತಿ ಕಂಪ್ಲಿಗೋ ಸಂಡೂರಿಗೋ ಹೊಸಪೇಟೆಯ ಓಣಿಗೋ ಬರುತ್ತಾನೆ. ಒಳಗೆ ಅವನಿಗೆ ಎಲ್ಲರ ಜತೆ ಸಾಲಿನಲ್ಲಿ ಒಂದು ಜಾಗವಾದರೂ ಇತ್ತು. ಹೊರಗೆ? ಮದುವೆಯ ಊಟದಲ್ಲಿ ಅವನ ಪಕ್ಕದ ಎಲೆ ಖಾಲಿ ಉಳಿಯುತ್ತದೆ. ಜಾತ್ರೆಯ ಪ್ರಸಾದದ ಸಾಲಿನಲ್ಲಿ ಜನ ಒಂದು ಮಾರು ಸರಿಯುತ್ತಾರೆ. ಹೋಟೆಲಿನಲ್ಲಿ ಕೆಲಸ ಕೇಳಿದರೆ, ಅಡುಗೆ ಚೆನ್ನಾಗಿ ಬಲ್ಲವನಾದರೂ, ಎಲ್ಲಿ ಕಲಿತೆ ಎಂಬ ಪ್ರಶ್ನೆಗೆ ಅವನು ತಲೆತಗ್ಗಿಸಬೇಕು. ನ್ಯಾಯಾಲಯ ಕೊಟ್ಟ ಶಿಕ್ಷೆಗೆ ಅವಧಿಯಿತ್ತು. ನಾವು ಕೊಡುವ ಈ ಶಿಕ್ಷೆಗೆ ಅವಧಿಯೇ ಇಲ್ಲ. ಜೈಲಿನ ಊಟ ಸುಧಾರಿಸಬೇಕೆಂದು ಸರ್ಕಾರವನ್ನು ಕೇಳುವುದು ಸರಿಯೇ. ಕೇಳೋಣ, ಕೇಳುತ್ತಲೇ ಇರೋಣ. ಆದರೆ ನಮ್ಮ ಪಂಕ್ತಿಯನ್ನು ಸುಧಾರಿಸಲು ಯಾವ ಸರ್ಕಾರದ ಆದೇಶಕ್ಕೆ ಕಾಯುತ್ತಿದ್ದೇವೆ?

ಅತಿಥಿಗೆ ಬಡಿಸುವುದರಲ್ಲಿ ನಮ್ಮ ಸಂಪತ್ತು ಕಾಣುತ್ತದೆ, ಮಕ್ಕಳಿಗೆ ಬಡಿಸುವುದರಲ್ಲಿ ನಮ್ಮ ಪ್ರೀತಿ ಕಾಣುತ್ತದೆ. ಬೇರೆ ಎಲ್ಲಿಗೂ ಹೋಗಲಾಗದವನಿಗೆ ಏನು ಬಡಿಸುತ್ತೇವೆ, ಹೇಗೆ ಬಡಿಸುತ್ತೇವೆ ಎಂಬುದರಲ್ಲಿ ನಮ್ಮ ಧರ್ಮ ಕಾಣುತ್ತದೆ. ನಿಮ್ಮ ಊರಿನಲ್ಲಿ ಅಂಥವನೊಬ್ಬ ಹಿಂದಿರುಗಿ ಬಂದಿದ್ದರೆ, ಮುಂದಿನ ಬಾರಿ ಊರೂಟಕ್ಕೆ ಕೂರುವಾಗ ಅವನ ಪಕ್ಕದ ಎಲೆಯ ಮುಂದೆ ನೀವು ಕುಳಿತುಕೊಳ್ಳಿ.